ಒಂದೇ ಹಳಿ, ಎರಡು ರೈಲು: ನಮ್ಮ ಘಾಟಿಗೆ ‘ಕವಚ್’ ತೊಡಿಸುವುದು ಯಾವಾಗ?

ಕಲ್ಲಡ್ಕ: ನಮ್ಮ ಪೇಟೆಗೆ ರೈಲ್ವೆ ಸ್ಟೇಷನ್ ಇಲ್ಲ, ಒಪ್ಪುವ. ಹಾಗಂತ ರೈಲಿನ ಸುದ್ದಿ ನಮಗ್ಯಾಕೆ ಎಂದು ಪೇಪರಿನ ಪುಟ ಮಗುಚುವುದು ಬೇಡ. ಕಲ್ಲಡ್ಕದ ಜವಳಿ ಅಂಗಡಿಯವರು ಮಾಲು ತರಲು ಬೆಂಗಳೂರಿಗೆ ಹೋಗುವುದಿದ್ದರೆ ಬಿ.ಸಿ.ರೋಡಿಗೆ ಬಸ್ಸು ಹಿಡಿದು, ಬಂಟ್ವಾಳ ಸ್ಟೇಷನ್ನಿನಲ್ಲಿ ರಾತ್ರಿ ರೈಲು ಹತ್ತುತ್ತಾರೆ. ಮಾಣಿ, ನೇರಳಕಟ್ಟೆ ಕಡೆಯವರು ಕಬಕ ಪುತ್ತೂರಿಗೆ ಹೋಗುತ್ತಾರೆ. ಹೆದ್ದಾರಿ ಅಗಲ ಮಾಡುತ್ತೇವೆ, ಫ್ಲೈಓವರ್ ಕಟ್ಟುತ್ತೇವೆ ಎಂದು ಅಷ್ಟು ವರ್ಷ ನಮಗೆ ಧೂಳು ತಿನ್ನಿಸಿದರಲ್ಲ, ಆಗ ಬಸ್ಸಿನ ಸಹವಾಸ ಸಾಕೆಂದು ಸುಬ್ರಹ್ಮಣ್ಯ ರೋಡ್–ಮಂಗಳೂರು ಪ್ಯಾಸೆಂಜರ್ ಹತ್ತಿದವರೂ ಉಂಟು.

ಆ ರೈಲಿನಲ್ಲಿ ಕೂತವರಿಗೆ ಒಂದು ಅನುಭವ ಆಗಿಯೇ ಇರುತ್ತದೆ. ಯಾವುದೋ ಸ್ಟೇಷನ್ನಿನಲ್ಲಿ ಗಾಡಿ ಸುಮ್ಮನೆ ನಿಲ್ಲುತ್ತದೆ. ಹತ್ತು ನಿಮಿಷ, ಹದಿನೈದು ನಿಮಿಷ. ಇಳಿಯುವವರಿಲ್ಲ, ಹತ್ತುವವರಿಲ್ಲ. ‘ಎಂಥ ಮಾರಾಯ್ರೆ ಇದು’ ಎಂದು ಜನ ಕಿಟಕಿಯಿಂದ ತಲೆ ಹೊರಗೆ ಹಾಕುತ್ತಾರೆ. ಸ್ವಲ್ಪ ಹೊತ್ತಿಗೆ ಎದುರಿನಿಂದ ಪೆಟ್ರೋಲ್ ಟ್ಯಾಂಕರಿನದ್ದೋ ಕಂಟೇನರಿನದ್ದೋ ಉದ್ದನೆ ಗೂಡ್ಸ್ ಗಾಡಿ ಧಡಧಡ ಎಂದು ಪಕ್ಕದಲ್ಲಿ ಹಾದು ಹೋಗುತ್ತದೆ. ಆಮೇಲೆ ನಮ್ಮದಕ್ಕೆ ಹಸಿರು. ಇದಕ್ಕೆ ‘ಕ್ರಾಸಿಂಗ್’ ಎನ್ನುತ್ತಾರೆ. ಪಡೀಲಿನಿಂದ ಬಂಟ್ವಾಳ, ಪುತ್ತೂರು, ಸುಬ್ರಹ್ಮಣ್ಯ ರೋಡ್ ದಾಟಿ ಘಾಟಿ ಹತ್ತಿ ಸಕಲೇಶಪುರ, ಹಾಸನದವರೆಗೆ ಇರುವುದು ಒಂದೇ ಜೋಡಿ ಹಳಿ. ಹೋಗುವುದೂ ಅದರಲ್ಲೇ, ಬರುವುದೂ ಅದರಲ್ಲೇ.

ಹೋಟೆಲಿನ ಬೆಂಚಿನಲ್ಲಿ ಕೇಳುವ ಪ್ರಶ್ನೆ ಆಗ ಹುಟ್ಟುತ್ತದೆ: ‘ಅಲ್ಲ, ಒಂದು ವೇಳೆ ನಮ್ಮ ಗಾಡಿ ನಿಲ್ಲದೇ ಮುಂದೆ ಹೋಗಿದ್ದರೆ?’

ಪ್ರಶ್ನೆ ಸಣ್ಣದಲ್ಲ. ಬಸ್ಸಿನ ಡ್ರೈವರ್ ಎದುರಿನ ಲಾರಿ ಕಂಡರೆ ಬ್ರೇಕ್ ಒತ್ತುತ್ತಾನೆ, ಆಗದಿದ್ದರೆ ರಸ್ತೆಯ ಮಣ್ಣಿಗೆ ಇಳಿಸುತ್ತಾನೆ. ರೈಲಿಗೆ ಸ್ಟೇರಿಂಗ್ ಇಲ್ಲ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಚಕ್ರ. ಟಯರಿನ ಹಾಗೆ ಅದು ಕಚ್ಚಿ ಹಿಡಿಯುವುದಿಲ್ಲ. ಗಂಟೆಗೆ ನೂರು ಕಿಲೋಮೀಟರ್ ಓಡುವ ಎಕ್ಸ್‌ಪ್ರೆಸ್ ಗಾಡಿ ಪೂರ್ತಿ ಬ್ರೇಕ್ ಹಾಕಿದರೂ ನಿಲ್ಲಲು ಸುಮಾರು ಒಂದು ಕಿಲೋಮೀಟರ್ ದಾರಿ ಬೇಕು. ಕಣ್ಣಿಗೆ ಕಂಡ ಮೇಲೆ ಬ್ರೇಕ್ ಹಾಕಿದರೆ ತಡವಾಯಿತೆಂದೇ ಲೆಕ್ಕ. ಆದ್ದರಿಂದ ರೈಲಿನಲ್ಲಿ ಕಣ್ಣನ್ನು ನಂಬುವ ಪದ್ಧತಿ ಇಲ್ಲ, ಸಿಗ್ನಲನ್ನು ನಂಬುವ ಪದ್ಧತಿ.

ಕೆ.ಟಿ. ಗ್ಲಾಸಿನ ಗೆರೆ

ಈ ಪದ್ಧತಿ ಏನೆಂದು ಹೇಳಲು ನಮ್ಮೂರಿನ ಕೆ.ಟಿ.ಗಿಂತ ಒಳ್ಳೆ ಉದಾಹರಣೆ ಸಿಗಲಿಕ್ಕಿಲ್ಲ. ಗ್ಲಾಸಿನ ಕೆಳಗೆ ಹಾಲು, ಮೇಲೆ ಡಿಕಾಕ್ಷನ್, ನಡುವೆ ಚೂರಿಯಲ್ಲಿ ಕುಯ್ದ ಹಾಗೆ ಒಂದು ಗೆರೆ. ಎರಡೂ ಒಂದೇ ಗ್ಲಾಸಿನಲ್ಲಿವೆ, ಆದರೆ ಬೆರೆಯುವುದಿಲ್ಲ. ರೈಲ್ವೆಯವರು ಹಳಿಯನ್ನು ಹೀಗೆಯೇ ತುಂಡು ತುಂಡಾಗಿ ಭಾಗ ಮಾಡಿದ್ದಾರೆ. ಒಂದು ಸ್ಟೇಷನ್ನಿನಿಂದ ಮುಂದಿನದಕ್ಕೆ ಒಂದು ತುಂಡು. ಅದರ ಹೆಸರು ‘ಬ್ಲಾಕ್ ಸೆಕ್ಷನ್’. ಒಂದು ತುಂಡಿನಲ್ಲಿ ಒಂದು ಹೊತ್ತಿಗೆ ಒಂದೇ ಗಾಡಿ. ಅದು ಆ ಕಡೆ ಮುಟ್ಟಿತೆಂದು ಖಾತ್ರಿಯಾಗುವವರೆಗೆ ಇನ್ನೊಂದನ್ನು ಬಿಡುವಂತಿಲ್ಲ.

ಹಿಂದೆ ಇದಕ್ಕೆ ಟೋಕನ್ ಇತ್ತು. ವಯಸ್ಸಾದವರು ನೋಡಿರುತ್ತೀರಿ: ಬೆತ್ತದ ದೊಡ್ಡ ಬಳೆ, ಅದಕ್ಕೆ ಕಟ್ಟಿದ ಚೀಲ, ಚೀಲದೊಳಗೆ ಕಬ್ಬಿಣದ ಗುಂಡು. ಓಡುವ ಇಂಜಿನ್ನಿನಿಂದ ಕೈ ಚಾಚಿ ಅದನ್ನು ಹಿಡಿಯುವುದೇ ಒಂದು ಸರ್ಕಸ್ಸು. ಎರಡು ಸ್ಟೇಷನ್ನಿನ ಪೆಟ್ಟಿಗೆಗಳಿಗೆ ತಂತಿಯ ಸಂಬಂಧ ಇರುತ್ತಿತ್ತು. ಒಂದು ಗುಂಡು ಹೊರಗೆ ಬಂತೋ, ಅದು ಯಾವುದಾದರೂ ಒಂದು ಪೆಟ್ಟಿಗೆಗೆ ವಾಪಾಸು ಬೀಳುವ ತನಕ ಎರಡನೇ ಗುಂಡು ಹೊರಗೆ ಬರುವುದಿಲ್ಲ. ಗುಂಡು ಕೈಯಲ್ಲಿಲ್ಲದೆ ಡ್ರೈವರ್ ಹೊರಡುವಂತಿಲ್ಲ. ಎಷ್ಟು ಸರಳ ನೋಡಿ! ಸ್ಟೇಷನ್ ಮಾಸ್ತರರು ನಿದ್ದೆಗಣ್ಣಿನಲ್ಲಿದ್ದರೂ ಪೆಟ್ಟಿಗೆಗೆ ನಿದ್ದೆ ಬರುತ್ತಿರಲಿಲ್ಲ. ಈಗ ಅದೇ ಕೆಲಸವನ್ನು ಕರೆಂಟಿನ ಸರ್ಕ್ಯೂಟು, ಕಂಪ್ಯೂಟರು ಮಾಡುತ್ತವೆ. ಹಳಿಯ ಮುಳ್ಳು ಯಾವ ಕಡೆಗೆ ಇದೆಯೋ ಅದಕ್ಕೆ ಹೊಂದುವ ಸಿಗ್ನಲ್ ಮಾತ್ರ ಹತ್ತುವಂತೆ ಎರಡನ್ನೂ ಕಟ್ಟಿ ಹಾಕಿರುತ್ತಾರೆ. ಇದಕ್ಕೆ ‘ಇಂಟರ್‌ಲಾಕಿಂಗ್’ ಎಂದು ಹೆಸರು.

ಇಷ್ಟೆಲ್ಲ ಇದ್ದೂ ಒಂದು ತೂತು ಹಾಗೆಯೇ ಉಳಿದಿತ್ತು. ಕೆಂಪು ದೀಪ ಸರಿಯಾಗಿಯೇ ಉರಿಯುತ್ತದೆ, ಆದರೆ ಇಂಜಿನ್ನಿನಲ್ಲಿರುವವನು ಅದನ್ನು ನೋಡಬೇಕಲ್ಲ? ಮಂಜು ಇರಬಹುದು, ಜಡಿಮಳೆ ಇರಬಹುದು, ಕಣ್ಣು ಒಂದು ಗಳಿಗೆ ಮುಚ್ಚಿರಬಹುದು. ಕೆಂಪು ದೀಪಕ್ಕೆ ಕೈ ಇಲ್ಲ, ಅದು ಬಂದು ಬ್ರೇಕ್ ಹಾಕುವುದಿಲ್ಲ.

ಪೆನುಕೊಂಡದ ರಾತ್ರಿ

ನಮ್ಮ ರಾಜ್ಯದವರಿಗೆ ಇದರ ಬೆಲೆ ಗೊತ್ತಾದದ್ದು 2012ರ ಮೇ 22ರಂದು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುತ್ತಿದ್ದ ಹಂಪಿ ಎಕ್ಸ್‌ಪ್ರೆಸ್, ಬೆಳಗಿನ ಜಾವ ಮೂರು ಗಂಟೆ ದಾಟಿದ ಮೇಲೆ, ಆಂಧ್ರದ ಪೆನುಕೊಂಡ ಸ್ಟೇಷನ್ನಿನಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಹಿಂದಿನಿಂದ ಗುದ್ದಿತು. ಮುಂದಿನ ಡಬ್ಬಿಗೆ ಬೆಂಕಿ ಹತ್ತಿತು. ಸತ್ತವರು ಸುಮಾರು 25 ಮಂದಿ. ಇಂಜಿನ್ನಿನ ಹತ್ತಿರದ ಡಬ್ಬಿಗಳು ಯಾರದು ಎಂದು ರೈಲು ಹತ್ತುವವರಿಗೆ ಗೊತ್ತು: ರಿಸರ್ವೇಶನ್ ಇಲ್ಲದೆ ಜನರಲ್ ಟಿಕೆಟಿನಲ್ಲಿ ಕೂಲಿಗೆ ಹೋಗುವವರದು. ಸಿಗ್ನಲ್ ಕೆಂಪು ಇತ್ತು, ಗಾಡಿ ಅದನ್ನು ದಾಟಿ ಬಂತು ಎಂಬುದೇ ತನಿಖೆಯಲ್ಲಿ ಹೊರಬಿದ್ದ ಸಂಗತಿ.

ಡ್ರೈವರನಿಗೆ ಬೈಯುವುದು ಸುಲಭ. ರಾತ್ರಿ ಪಾಳಿ ಮಾಡಿದವರನ್ನು ಕೇಳಿ ನೋಡಿ, ಮೂರರಿಂದ ನಾಲ್ಕು ಗಂಟೆಯ ಹೊತ್ತು ಎಂಥದು ಎಂದು. ನಮ್ಮ ರಾತ್ರಿ ಬಸ್ಸಿನವರು ಶಿರಾಡಿಯಲ್ಲಿ ಚಾ ಕುಡಿಯಲು ನಿಲ್ಲಿಸುತ್ತಾರೆ, ಮುಖಕ್ಕೆ ನೀರು ಹಾಕಿಕೊಳ್ಳುತ್ತಾರೆ. ರೈಲಿನವನಿಗೆ ಆ ಭಾಗ್ಯ ಇಲ್ಲ. ಮನುಷ್ಯ ಎಂದಾದರೂ ಒಮ್ಮೆ ತಪ್ಪುತ್ತಾನೆ ಎಂದು ಮೊದಲೇ ಒಪ್ಪಿಕೊಂಡು, ತಪ್ಪಿದಾಗ ಬ್ರೇಕ್ ಹಾಕುವ ಯಂತ್ರ ಇಡುವುದು ಬುದ್ಧಿವಂತರ ಲಕ್ಷಣ. ಜಪಾನಿನವರು ಅದನ್ನು ಮಾಡಿದರು. 1962ರ ಮೇ 3ರಂದು ಟೋಕಿಯೋದ ಮಿಕವಾಶಿಮಾದಲ್ಲಿ ಕೆಂಪು ಸಿಗ್ನಲ್ ದಾಟಿದ ಒಂದು ಗೂಡ್ಸ್ ಗಾಡಿಯಿಂದ ಶುರುವಾಗಿ ಒಂದರ ಮೇಲೊಂದು ರೈಲು ಬಿದ್ದು 160 ಮಂದಿ ಸತ್ತರು. 1966ರ ಹೊತ್ತಿಗೆ ಅವರ ಸರಕಾರಿ ರೈಲ್ವೆಯ ಎಲ್ಲ ಲೈನುಗಳಿಗೂ ತಾನಾಗಿ ಗಾಡಿ ನಿಲ್ಲಿಸುವ ಯಂತ್ರ ಬಂದಿತ್ತು. ನಾಲ್ಕು ವರ್ಷ!

ಕರಾವಳಿಯಲ್ಲೇ ಹುಟ್ಟಿದ ಉಪಾಯ

ನಮ್ಮಲ್ಲಿ ಆದದ್ದೇನು? ಇದು ಹೆಚ್ಚಿನವರಿಗೆ ತಿಳಿಯದ ಕತೆ. ಅದಕ್ಕೂ ನಮ್ಮ ಕರಾವಳಿಗೂ ನಂಟು ಉಂಟು.

1999ರ ಆಗಸ್ಟ್ 2ರ ನಡುರಾತ್ರಿ ಕಳೆದ ಮೇಲೆ ಪಶ್ಚಿಮ ಬಂಗಾಳದ ಗೈಸಾಲ್ ಎಂಬಲ್ಲಿ ಅವಧ್–ಅಸ್ಸಾಂ ಎಕ್ಸ್‌ಪ್ರೆಸ್, ಬ್ರಹ್ಮಪುತ್ರ ಮೇಲ್ ಎರಡೂ ಒಂದೇ ಹಳಿಯಲ್ಲಿ ಮುಖಾಮುಖಿ ಗುದ್ದಿದವು. ಸತ್ತವರು 285ಕ್ಕೂ ಹೆಚ್ಚು. ಆಗಿನ ರೈಲ್ವೆ ಮಂತ್ರಿ ನಿತೀಶ್ ಕುಮಾರ್ ರಾಜೀನಾಮೆ ಕೊಟ್ಟರು. ಆ ಹೊತ್ತಿಗೆ ನಮ್ಮ ತೋಕೂರಿನಿಂದ ರೋಹಾದವರೆಗಿನ ಕೊಂಕಣ ರೈಲ್ವೆ ಪೂರ್ತಿಯಾಗಿ ಓಡಲು ಶುರುವಾಗಿ ಒಂದೂವರೆ ವರ್ಷ ಆಗಿತ್ತಷ್ಟೇ. ಅಲ್ಲಿನ ಇಂಜಿನಿಯರ್, ಮ್ಯಾನೇಜಿಂಗ್ ಡೈರೆಕ್ಟರ್ ಆಗಿದ್ದ ಬಿ. ರಾಜಾರಾಂ ಅವರ ತಲೆಗೆ ಒಂದು ಯೋಚನೆ ಬಂತು. ಎರಡು ರೈಲುಗಳು ಹತ್ತಿರ ಬಂದರೆ ಒಂದಕ್ಕೊಂದು ರೇಡಿಯೊದಲ್ಲಿ ‘ನಾನಿಲ್ಲಿದ್ದೇನೆ’ ಎಂದು ಹೇಳಿಕೊಂಡರೆ ಏನಾಗುತ್ತದೆ? ಪ್ರತಿ ಇಂಜಿನ್ನಿಗೆ ಒಂದು ಪೆಟ್ಟಿಗೆ. ಉಪಗ್ರಹದಿಂದ ತಾನಿರುವ ಜಾಗ ತಿಳಿದುಕೊಳ್ಳುತ್ತದೆ. ಸುಮಾರು ಮೂರು ಕಿಲೋಮೀಟರ್ ಸುತ್ತಿನಲ್ಲಿ ಇನ್ನೊಂದು ಪೆಟ್ಟಿಗೆ ಅದೇ ಹಳಿಯಲ್ಲಿ ಸಿಕ್ಕಿದರೆ ಎರಡೂ ತಾವಾಗಿ ಬ್ರೇಕ್ ಹಾಕುತ್ತವೆ. ಇದಕ್ಕೆ ‘ಆ್ಯಂಟಿ ಕೊಲಿಶನ್ ಡಿವೈಸ್’ ಎಂದು ಹೆಸರಾಯಿತು. ‘ರಕ್ಷಾ ಕವಚ್’ ಎಂದೂ ಕರೆದರು.

ಪೇಪರುಗಳಲ್ಲಿ ದೊಡ್ಡ ಸುದ್ದಿ. ಗೈಸಾಲ್ ಇದ್ದ ಈಶಾನ್ಯ ಗಡಿ ರೈಲ್ವೆಯ 1,700ಕ್ಕೂ ಹೆಚ್ಚು ಕಿಲೋಮೀಟರಿಗೆ ಅದನ್ನು ಹಾಕಿ ನೋಡಿದರು. ಅಲ್ಲಿ ತೊಡಕು ಕಾಣಿಸಿತು. ಎರಡು ಊರಿನ ನಡುವೆ ಒಂಟಿ ಹಳಿ ಇದ್ದಲ್ಲಿ ಅದು ಸರಿ. ಸ್ಟೇಷನ್ನಿನೊಳಗೆ ಬಂದರೆ ನಾಲ್ಕೈದು ಹಳಿಗಳು ಒತ್ತೊತ್ತಿಗೆ ಇರುತ್ತವೆ. ಗಾಡಿ ಎರಡನೇ ಹಳಿಯಲ್ಲಿ ಉಂಟೋ ಮೂರನೆಯದರಲ್ಲಿ ಉಂಟೋ ಎಂದು ಆಕಾಶದ ಉಪಗ್ರಹಕ್ಕೆ ಸರಿಯಾಗಿ ಹೇಳಲು ಕಷ್ಟ. ಪಕ್ಕದ ಹಳಿಯಲ್ಲಿ ನಿಂತ ಗಾಡಿಗೆ ಹೆದರಿ ಅನಾವಶ್ಯಕ ಬ್ರೇಕ್ ಬೀಳುವುದು ಶುರುವಾಯಿತು. ಸಿಗ್ನಲ್ಲಿನ ಜೊತೆಗೂ ಆ ಪೆಟ್ಟಿಗೆಗೆ ಸಲಿಗೆ ಸಾಲದಾಗಿತ್ತು. ನಾಯಿ ಸುಮ್ಮಸುಮ್ಮನೆ ಬೊಗಳಿದರೆ ಮನೆಯವರು ಕ್ರಮೇಣ ಏಳುವುದನ್ನೇ ಬಿಡುತ್ತಾರೆ. ಯಂತ್ರಕ್ಕೂ ಅದೇ ಗತಿ. ಕೊನೆಗೆ ರೈಲ್ವೆ ಬೋರ್ಡು ಬೇರೆ ದಾರಿ ಹಿಡಿಯಿತು.

ಒಂದು ಮಾತು ಇಲ್ಲಿ ಹೇಳಲೇಬೇಕು. ಮೊದಲ ಯಂತ್ರದಲ್ಲಿ ಕುಂದು ಇದ್ದದ್ದು ನಿಜ. ಆದರೆ ಕುಂದು ತಿದ್ದಿ ಬೇರೆಯದನ್ನು ಕೈಗೆ ಕೊಡಲು ಎಷ್ಟು ವರ್ಷ ಬೇಕಿತ್ತು? ಗೈಸಾಲ್ ಆದದ್ದು 1999ರಲ್ಲಿ. ಈಗಿನ ‘ಕವಚ್’ ಅನ್ನು ಇಡೀ ದೇಶಕ್ಕೆ ಇದೇ ಎಂದು ಒಪ್ಪಿದ್ದು 2020ರ ಜುಲೈಯಲ್ಲಿ. ಇಪ್ಪತ್ತೊಂದು ವರ್ಷ. ನಡುವೆ ಪೆನುಕೊಂಡ ಆಗಿ ಹೋಯಿತು.

ವಾಡಿ, ಬೀದರಿನ ಹಳಿಯಲ್ಲಿ ಪರೀಕ್ಷೆ

ಹೊಸ ಯಂತ್ರದ ಕೆಲಸ 2011–12ರ ಸುಮಾರಿಗೆ ಲಖನೌದ ರೈಲ್ವೆ ಸಂಶೋಧನಾ ಸಂಸ್ಥೆಯ, ಅಂದರೆ ಆರ್‌ಡಿಎಸ್‌ಒದ ಉಸ್ತುವಾರಿಯಲ್ಲಿ ಆರಂಭವಾಯಿತು. ತಯಾರಿಸಿದ್ದು ಮೇಧಾ, ಕರ್ನೆಕ್ಸ್, ಎಚ್‌ಬಿಎಲ್ ಎಂಬ ನಮ್ಮ ದೇಶದ್ದೇ ಮೂರು ಕಂಪೆನಿಗಳು. ಪರೀಕ್ಷೆಗೆ ಆರಿಸಿದ್ದು ದಕ್ಷಿಣ ಮಧ್ಯ ರೈಲ್ವೆಯ ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಮತ್ತು ವಿಕಾರಾಬಾದ್–ಬೀದರ್ ದಾರಿ, ಒಟ್ಟು 250 ಕಿಲೋಮೀಟರ್. ವಾಡಿ ಇರುವುದು ಕಲಬುರಗಿ ಜಿಲ್ಲೆಯಲ್ಲಿ, ಬೀದರಂತೂ ನಮ್ಮದೇ. ಪ್ಯಾಸೆಂಜರ್ ಗಾಡಿಗಳ ಮೇಲಿನ ಪರೀಕ್ಷೆ 2016ರ ಫೆಬ್ರವರಿಯಲ್ಲಿ ಶುರುವಾಯಿತು. ಅಂದರೆ ದೇಶಕ್ಕೆಲ್ಲ ಮೊದಲು ಈ ಯಂತ್ರದ ಕೆಳಗೆ ಕೂತು ಪ್ರಯಾಣ ಮಾಡಿದವರಲ್ಲಿ ಕನ್ನಡದವರೂ ಸೇರಿದ್ದಾರೆ, ಅವರಿಗೆ ಗೊತ್ತಿತ್ತೋ ಇಲ್ಲವೋ ಬೇರೆ ಮಾತು.

ಯಂತ್ರ ಕೆಲಸ ಮಾಡುವ ಕ್ರಮ ನಮ್ಮ ಬ್ರಹ್ಮರಕೂಟ್ಲು ಟೋಲ್ ಗೇಟಿನಲ್ಲಿ ನಿಂತವರಿಗೆ ಬೇಗ ಅರ್ಥವಾಗುತ್ತದೆ. ಕಾರಿನ ಗಾಜಿಗೆ ಫಾಸ್ಟ್‌ಟ್ಯಾಗ್ ಅಂಟಿಸಿರುತ್ತಾರೆ, ಗೇಟಿನ ಮೇಲಿನ ಯಂತ್ರ ಅದನ್ನು ಓದಿ ದುಡ್ಡು ಎಳೆದುಕೊಳ್ಳುತ್ತದೆ. ಇಲ್ಲಿ ಅದರ ಉಲ್ಟಾ. ಅದೇ ಜಾತಿಯ ಟ್ಯಾಗನ್ನು ಹಳಿಯ ನಡುವಿನ ಸ್ಲೀಪರಿಗೆ ಜಡಿದಿರುತ್ತಾರೆ, ಸುಮಾರು ಕಿಲೋಮೀಟರಿಗೊಂದರಂತೆ, ಸ್ಟೇಷನ್ನು, ಸಿಗ್ನಲ್ಲುಗಳ ಹತ್ತಿರ ಇನ್ನೂ ಒತ್ತಾಗಿ. ಓದುವ ಯಂತ್ರ ಇಂಜಿನ್ನಿನ ಹೊಟ್ಟೆಯ ಕೆಳಗೆ. ಗಾಡಿ ಮೇಲಿಂದ ಹಾಯುವಾಗ ‘ಇಂಥ ಜಾಗ, ಇಂಥ ಹಳಿ’ ಎಂದು ಟ್ಯಾಗ್ ಹೇಳುತ್ತದೆ. ಹಳೆಯ ಯಂತ್ರಕ್ಕೆ ಬಂದ ತಲೆಬಿಸಿ, ಯಾವ ಹಳಿ ಎಂಬ ಗೊಂದಲ, ಇಲ್ಲಿ ಹರಿಯಿತು. ಆಕಾಶ ನೋಡುವ ಬದಲು ನೆಲ ನೋಡಿದರು, ಅಷ್ಟೇ.

ಎರಡನೆಯದು ಸ್ಟೇಷನ್ನಿನ ಪೆಟ್ಟಿಗೆ. ಅದು ಸಿಗ್ನಲ್ಲಿನ ಇಂಟರ್‌ಲಾಕಿಂಗಿಗೆ ಕಿವಿ ಕೊಟ್ಟು ಕೂತಿರುತ್ತದೆ. ಯಾವ ಸಿಗ್ನಲ್ ಕೆಂಪು, ಯಾವುದು ಹಸಿರು, ಮುಳ್ಳು ಯಾವ ಕಡೆ ಎಂಬುದನ್ನು 40 ಮೀಟರ್ ಎತ್ತರದ ಟವರಿನಿಂದ ರೇಡಿಯೊದಲ್ಲಿ ಇಂಜಿನ್ನಿಗೆ ಹೇಳುತ್ತದೆ. ಮೂರನೆಯದು ಇಂಜಿನ್ನಿನೊಳಗಿನ ಪೆಟ್ಟಿಗೆ, ಡ್ರೈವರನ ಎದುರು ಒಂದು ಪರದೆ. ಮುಂದಿನ ಸಿಗ್ನಲ್ ಇನ್ನೂ ಕಣ್ಣಿಗೆ ಬೀಳುವ ಮೊದಲೇ ಅದರ ಬಣ್ಣ ಪರದೆಯ ಮೇಲೆ ಬರುತ್ತದೆ. ಎಷ್ಟು ದೂರದವರೆಗೆ ಹೋಗಲು ಅನುಮತಿ, ಇಲ್ಲಿ ಎಷ್ಟು ವೇಗ, ಎಲ್ಲವೂ ಬರುತ್ತದೆ. ಮಂಜಾಗಲಿ ಮಳೆಯಾಗಲಿ ಪರದೆಗೆ ಮಂಜು ಹಿಡಿಯುವುದಿಲ್ಲ.

ಡ್ರೈವರ್ ಸರಿಯಾಗಿ ಓಡಿಸಿದರೆ ಯಂತ್ರ ಬಾಯಿ ಬಿಡುವುದಿಲ್ಲ. ವೇಗ ಸ್ವಲ್ಪ ಮೀರಿದರೆ ಮೊದಲು ಕೂಗಿ ಎಚ್ಚರಿಸುತ್ತದೆ. ಕೇಳದಿದ್ದರೆ ಸಾಧಾರಣ ಬ್ರೇಕ್. ಅದಕ್ಕೂ ಬಗ್ಗದಿದ್ದರೆ ಪೂರ್ತಿ ಬ್ರೇಕ್, ತಾನೇ ಹಾಕಿ ಬಿಡುತ್ತದೆ. ನಮ್ಮ ಬಸ್ಸುಗಳಿಗೆ ಇರುವ ಸ್ಪೀಡ್ ಗವರ್ನರಿನ ಹಾಗೆ ಎಂದುಕೊಳ್ಳಬೇಡಿ. ಗವರ್ನರಿಗೆ ಗೊತ್ತಿರುವುದು ಒಂದೇ ಸಂಖ್ಯೆ, ಪಾಣೆಮಂಗಳೂರಿನ ಸೇತುವೆ ಬಂದರೂ ಅದೇ, ಮೇಲ್ಕಾರಿನ ಜಂಕ್ಷನ್ ಬಂದರೂ ಅದೇ. (ಅದನ್ನೂ ಕಳಚಿ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳುವವರು ಇದ್ದಾರೆ ಎಂಬ ಮಾತು ಬೇರೆ.) ಕವಚ್ ಜಾಗ ನೋಡಿ, ಮುಂದಿನ ಸಿಗ್ನಲ್ ನೋಡಿ, ಇಷ್ಟು ದೂರದಲ್ಲಿ ನಿಲ್ಲಬೇಕಾದರೆ ಈಗ ಎಷ್ಟು ವೇಗ ಇರಬಹುದು ಎಂದು ಕ್ಷಣ ಕ್ಷಣಕ್ಕೂ ಲೆಕ್ಕ ಹಾಕುತ್ತದೆ. ಲೆವೆಲ್ ಕ್ರಾಸಿಂಗ್ ಹತ್ತಿರ ಬಂದಾಗ ಹಾರ್ನ್ ಕೂಡ ತಾನೇ ಹಾಕುತ್ತದೆ. ಅಪಾಯ ಕಂಡರೆ ಒಂದು ಗುಂಡಿ ಒತ್ತಿ ಸುತ್ತಲಿನ ಗಾಡಿಗಳನ್ನು ನಿಲ್ಲಿಸುವ ವ್ಯವಸ್ಥೆಯೂ ಉಂಟು.

2022ರ ಮಾರ್ಚ್ 4ರಂದು ರೈಲ್ವೆ ಮಂತ್ರಿ ಅಶ್ವಿನಿ ವೈಷ್ಣವ್ ಸ್ವತಃ ಇಂಜಿನ್ನಿನಲ್ಲಿ ಕೂತರು. ಸಿಕಂದರಾಬಾದ್ ಹತ್ತಿರದ ಹಳಿಯಲ್ಲಿ ಎದುರಿಗೆ ಇನ್ನೊಂದು ಇಂಜಿನ್. 380 ಮೀಟರ್ ದೂರದಲ್ಲೇ ಮಂತ್ರಿಗಳ ಇಂಜಿನ್ ತಾನಾಗಿ ನಿಂತಿತು. ಯಂತ್ರಕ್ಕೆ ‘ಸಿಲ್–4’ ಎಂಬ ಅತಿ ಮೇಲಿನ ದರ್ಜೆ ಉಂಟು, ಹತ್ತು ಸಾವಿರ ವರ್ಷಕ್ಕೆ ಒಂದು ತಪ್ಪು ಎಂದು ರೈಲ್ವೆಯವರ ಹೇಳಿಕೆ. ಹತ್ತು ಸಾವಿರ ವರ್ಷ ಕಾದು ಲೆಕ್ಕ ನೋಡುವವರು ನಮ್ಮಲ್ಲಿ ಯಾರೂ ಇಲ್ಲವಾದ್ದರಿಂದ ಆ ಮಾತನ್ನು ಅಲ್ಲಿಗೇ ಬಿಡುವ. 380 ಮೀಟರ್ ಮಾತ್ರ ಕಣ್ಣಿಗೆ ಕಂಡ ಲೆಕ್ಕ.

ಬೆಂಗಳೂರಿನಿಂದ ಹೊರಟವರು

ಅದಾಗಿ ಹದಿನೈದು ತಿಂಗಳಿಗೆ, 2023ರ ಜೂನ್ 2ರ ಸಂಜೆ, ಒಡಿಶಾದ ಬಹನಾಗ ಬಜಾರ್. ಕೋರಮಂಡಲ್ ಎಕ್ಸ್‌ಪ್ರೆಸ್ಸಿಗೆ ನೇರ ಹಳಿಯ ಹಸಿರು ಸಿಗ್ನಲ್ ಇತ್ತು. ಮುಳ್ಳು ಮಾತ್ರ ಪಕ್ಕದ ಲೂಪ್ ಹಳಿಯ ಕಡೆಗೆ. ಅಲ್ಲಿ ಅದಿರಿನ ಗೂಡ್ಸ್ ನಿಂತಿತ್ತು. ಗುದ್ದಿ ಹಳಿ ತಪ್ಪಿದ ಡಬ್ಬಿಗಳು, ಅದೇ ಹೊತ್ತಿಗೆ ಎದುರಿನಿಂದ ಹಾದು ಹೋಗುತ್ತಿದ್ದ ಇನ್ನೊಂದು ಗಾಡಿಯ ಕೊನೆಯ ಡಬ್ಬಿಗಳಿಗೆ ಬಡಿದವು. ಆ ಗಾಡಿ ಬೆಂಗಳೂರಿನಿಂದ ಹೌರಾಕ್ಕೆ ಹೊರಟದ್ದು. ಒಟ್ಟು ಸತ್ತವರು 290ಕ್ಕೂ ಹೆಚ್ಚು.

ಆಗ ಎಲ್ಲರ ಬಾಯಲ್ಲಿ ಒಂದೇ ಕೂಗು: ‘ಕವಚ್ ಎಲ್ಲಿತ್ತು?’ ಆ ದಾರಿಯಲ್ಲಿ ಇರಲಿಲ್ಲ. ಆ ಹೊತ್ತಿಗೆ ದೇಶದಲ್ಲಿ ಅದು ಇದ್ದದ್ದು ದಕ್ಷಿಣ ಮಧ್ಯ ರೈಲ್ವೆಯ 1,465 ಕಿಲೋಮೀಟರಿನಲ್ಲಿ ಮಾತ್ರ. ದೇಶದ ರೈಲು ದಾರಿ 68 ಸಾವಿರ ಕಿಲೋಮೀಟರಿಗೂ ಹೆಚ್ಚು. ನೂರಕ್ಕೆ ಎರಡು ಬಿದ್ದಿತು.

ಆದರೆ ನಾವು ಸ್ವಲ್ಪ ತಾಳ್ಮೆಯಿಂದ ಯೋಚಿಸಬೇಕು. ಕವಚ್ ಇದ್ದಿದ್ದರೂ ಅಲ್ಲಿ ಆ ಜನ ಉಳಿಯುತ್ತಿದ್ದರು ಎಂದು ಎದೆ ತಟ್ಟಿ ಹೇಳುವ ಹಾಗಿಲ್ಲ. ಲೆವೆಲ್ ಕ್ರಾಸಿಂಗ್ ಗೇಟಿನ ರಿಪೇರಿಯ ಹೊತ್ತಿಗೆ ಸಿಗ್ನಲ್ಲಿನ ವಯರು ತಪ್ಪು ಜೋಡಿಸಿದ್ದು ಕಾರಣ ಎಂದು ತನಿಖೆ ಹೇಳಿತು. ಕವಚ್ ತನ್ನ ಸುದ್ದಿ ಕೇಳುವುದೇ ಇಂಟರ್‌ಲಾಕಿಂಗಿನ ಬಾಯಿಂದ. ಅದೇ ಸುಳ್ಳು ಹೇಳಿದರೆ ಕವಚ್ ಸುಳ್ಳನ್ನೇ ನಂಬುತ್ತದೆ. ತಕ್ಕಡಿ ಹೊಸದು, ಬೊಡ್ಡು ಕಲ್ಲು ಕಳ್ಳದು ಎಂಬಂತೆ. ವಯರು ಜೋಡಿಸುವವನ ಕೆಲಸವನ್ನು ಎರಡನೆಯವನೊಬ್ಬ ಪರೀಕ್ಷೆ ಮಾಡದೆ ಗಾಡಿ ಬಿಡುವ ಅಭ್ಯಾಸ ಇರುವಲ್ಲಿ ಯಾವ ಕವಚವೂ ಸಾಕಾಗದು. ಮತ್ತೆ 2023ರ ಅಕ್ಟೋಬರ್ 29ರಂದು ಆಂಧ್ರದ ಕಂಟಕಪಲ್ಲಿ, 2024ರ ಜೂನ್ 17ರಂದು ಬಂಗಾಳದ ರಂಗಪಾಣಿ. ಎರಡು ಕಡೆಯೂ ಹಿಂದಿನ ಗಾಡಿ ಮುಂದಿನದಕ್ಕೆ ಗುದ್ದಿದ್ದು, ಎರಡು ಕಡೆಯೂ ಕವಚ್ ಇಲ್ಲ. ಆ ಬಗೆಯ ಅಪಘಾತಕ್ಕೇ ಈ ಯಂತ್ರ ಹುಟ್ಟಿದ್ದು.

ನಮ್ಮ ಘಾಟಿಯ ಮಾತು

ಈಗ ಊರಿಗೆ ಬರುವ. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರಕ್ಕೆ ಸುಮಾರು 55 ಕಿಲೋಮೀಟರ್. 57 ಸುರಂಗ, ನೂರಕ್ಕೂ ಮಿಕ್ಕಿ ಸೇತುವೆ. ಸಿರಿಬಾಗಿಲು, ಎಡಕುಮೇರಿ, ಕಡಗರವಳ್ಳಿ, ದೋಣಿಗಲ್ ಎಂಬ ಕಾಡು ಸ್ಟೇಷನ್ನುಗಳು. ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ರೈಲಿನ ಲೆಕ್ಕದಲ್ಲಿ ಇದು ಗೋಡೆ ಹತ್ತಿದ ಹಾಗೆ. ಮೇಲೆ ಹೋಗುವ ಗಾಡಿಗೆ ದೂಡುವ ಇಂಜಿನ್ ಬೇರೆ ಜೋಡಿಸುತ್ತಾರೆ. ಇಳಿಯುವಾಗಿನ ಭಯ ಬೇರೆ: ಬ್ರೇಕ್ ಕೈ ಕೊಟ್ಟರೆ ಗಾಡಿ ತನ್ನಷ್ಟಕ್ಕೆ ಓಡುತ್ತದೆ. ಇಲ್ಲಿ ಮೀಟರ್ ಗೇಜ್ ಬಂದದ್ದು 1979ರಲ್ಲಿ. ತೊಂಬತ್ತರ ದಶಕದಲ್ಲಿ ಬ್ರಾಡ್ ಗೇಜಿಗಾಗಿ ಮುಚ್ಚಿದವರು ಗೂಡ್ಸ್ ಬಿಟ್ಟದ್ದು 2006ರಲ್ಲಿ, ಪ್ಯಾಸೆಂಜರ್ ಗಾಡಿ ಬಿಟ್ಟದ್ದು 2007ರ ಡಿಸೆಂಬರಿನಲ್ಲಿ. ನಮ್ಮವರ ತಾಳ್ಮೆಗೆ ಬೇರೆ ಸರ್ಟಿಫಿಕೇಟ್ ಬೇಡ.

ಘಾಟಿಯಲ್ಲಿ ಗಾಡಿಗಳು ಆಮೆಯ ಹಾಗೆ ಗಂಟೆಗೆ 30 ಕಿಲೋಮೀಟರಿನಲ್ಲಿ ತೆವಳುತ್ತವೆ, ಇಲ್ಲಿ ಕವಚ್ ಯಾಕೆ ಎನ್ನುವವರಿದ್ದಾರೆ. ಇಳಿಜಾರಿನಲ್ಲಿ ಆ ಮೂವತ್ತು ಮೂವತ್ತಾಗಿಯೇ ಇರುವಂತೆ ನೋಡುವುದೇ ದೊಡ್ಡ ಕೆಲಸ. ವೇಗ ಏರಿದ ಮೇಲೆ ಎಚ್ಚರಾದರೆ ಪ್ರಯೋಜನವಿಲ್ಲ, ಏರುವ ಹೊತ್ತಿಗೇ ಎಚ್ಚರಿಸುವ ಯಂತ್ರ ಬೇಕು. ಸಾಮಾನು ತುಂಬಿದ ಗೂಡ್ಸಿಗಂತೂ ಹೌದು. ಇನ್ನು ಘಾಟಿಯ ಕೆಳಗೆ ಕಾಣಿಯೂರು, ಪುತ್ತೂರು, ಬಂಟ್ವಾಳದ ಕಡೆ ಗಾಡಿಗಳು ಚೆನ್ನಾಗಿಯೇ ಓಡುತ್ತವೆ, ಅದೂ ರಾತ್ರಿ ಹೊತ್ತು, ಒಂದರ ಹಿಂದೆ ಒಂದು: ಕಾರವಾರದ ಪಂಚಗಂಗಾ, ಕಣ್ಣೂರಿನದ್ದು, ವಿಜಯಪುರದ್ದು, ಇವುಗಳ ನಡುವೆ ತೂರಿಕೊಂಡು ಹೋಗುವ ಗೂಡ್ಸುಗಳು.

ಯಂತ್ರ ಹಾಕುವವರಿಗೂ ಘಾಟಿ ಸುಲಭ ಅಲ್ಲ. ಸುಬ್ರಹ್ಮಣ್ಯ ರೋಡ್ ಬಿಟ್ಟ ಮೇಲೆ ನಮ್ಮ ಮೊಬೈಲಿನ ಗತಿ ಏನಾಗುತ್ತದೆ? ರೇಡಿಯೊ ಅಲೆಗೆ ಗುಡ್ಡ, ತಿರುವು, ಸುರಂಗ ಎಲ್ಲವೂ ಅಡ್ಡ. ಬಯಲುಸೀಮೆಯಲ್ಲಿ ಒಂದು ಟವರ್ ಸಾಕಾಗುವಲ್ಲಿ ಇಲ್ಲಿ ಹೆಚ್ಚು ಬೇಕು. ಟವರಿಗೆ ಜಾಗ, ಕಾಡಿನೊಳಗೆ ಕರೆಂಟು, ಅರಣ್ಯ ಇಲಾಖೆಯ ಒಪ್ಪಿಗೆ, ಮೇಲಿಂದ ಆರು ತಿಂಗಳ ಮಳೆ.

ಇನ್ನೊಂದು ವಿಷಯ ಮರೆಯಬಾರದು. ಕವಚ್ ನೋಡುವುದು ಸಿಗ್ನಲನ್ನು, ಇನ್ನೊಂದು ಗಾಡಿಯನ್ನು. ಹಳಿಗೆ ಬಿದ್ದ ಬಂಡೆಕಲ್ಲು ಅದಕ್ಕೆ ಕಾಣುವುದಿಲ್ಲ, ಆನೆ ಕಾಣುವುದಿಲ್ಲ, ಜರಿದ ಗುಡ್ಡ ಕಾಣುವುದಿಲ್ಲ. 2024ರ ಜುಲೈ ಕೊನೆಗೆ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಅಡಿಯ ಮಣ್ಣೇ ಜಾರಿ ದಿನಗಟ್ಟಲೆ ರೈಲು ನಿಂತಿತು. ಅಂಥದ್ದಕ್ಕೆ ಮದ್ದು ಬೇರೆ. ಕೊಂಕಣ ರೈಲ್ವೆಯವರು ಕಲಿತದ್ದು ಪೆಟ್ಟು ತಿಂದೇ: 2004ರ ಜೂನ್ 16ರಂದು ನಮ್ಮ ಮಂಗಳೂರು–ಮುಂಬೈ ಮತ್ಸ್ಯಗಂಧ ರಾಯಗಡ ಜಿಲ್ಲೆಯ ಕರಂಜಾಡಿ ಹತ್ತಿರ ಬಂಡೆಗೆ ಬಡಿದು ಸೇತುವೆಯಿಂದ ಬಿದ್ದು ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಗುಡ್ಡಕ್ಕೆ ಬಲೆ ಹಾಕುವುದು, ಮಳೆಗಾಲದಲ್ಲಿ ವೇಗ ಇಳಿಸಿ ಬೇರೆ ಟೈಮ್ ಟೇಬಲ್ ಮಾಡುವುದು, ಹಗಲು ರಾತ್ರಿ ಹಳಿಯ ಮೇಲೆ ನಡೆಯುವ ಗ್ಯಾಂಗಿನವರು ಇವೆಲ್ಲ ಆ ದಾರಿಯ ಕಾವಲು. ‘ರಕ್ಷಾ ಧಾಗಾ’ ಎಂಬ ಒಂದು ತಂತಿಯ ಉಪಾಯವೂ ಅಲ್ಲಿಯದೇ. ಕಲ್ಲು ಬಿದ್ದು ತಂತಿ ಕಡಿದರೆ ಕೆಂಪು ಸಿಗ್ನಲ್. ಟಾರ್ಚು ಹಿಡಿದು ಮಳೆಯಲ್ಲಿ ನಡೆಯುವ ಗ್ಯಾಂಗ್‌ಮ್ಯಾನನ ಹುದ್ದೆ ಖಾಲಿ ಬಿಟ್ಟು, ‘ಕವಚ್ ಬಂತಲ್ಲ’ ಎಂದು ಹೇಳಿದರೆ ಒಪ್ಪಲಾಗದು.

ಮೂರು ಮನೆಯ ಅಂಗಳ

ಮಂಗಳೂರಿನ ರೈಲಿಗೆ ಮೂವರು ಯಜಮಾನರು. ತೋಕೂರಿನಿಂದ ಬಡಗಿಗೆ ಕೊಂಕಣ ರೈಲ್ವೆ. ಮಂಗಳೂರಿನ ಎರಡು ಸ್ಟೇಷನ್ನುಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ. ಪಡೀಲು ದಾಟಿ ನಮ್ಮ ಬಂಟ್ವಾಳದ ಕಡೆ ಬಂದರೆ ನೈರುತ್ಯ ರೈಲ್ವೆಯ ಮೈಸೂರು ವಿಭಾಗ. ಒಂದು ಗಾಡಿ ಕಾರವಾರದಿಂದ ಹೊರಟು ಬೆಂಗಳೂರಿಗೆ ಹೋಗುವಷ್ಟರಲ್ಲಿ ಮೂವರ ಅಂಗಳ ತುಳಿಯುತ್ತದೆ. ಒಬ್ಬರು ಯಂತ್ರ ಹಾಕಿ ಇಬ್ಬರು ಬಿಟ್ಟರೆ ಪ್ರಯೋಜನ ಅರ್ಧಕ್ಕರ್ಧ. ಹಳಿಗೆ ಹಾಕಿ ಇಂಜಿನ್ನಿಗೆ ಹಾಕದಿದ್ದರೆ ಅಥವಾ ಇಂಜಿನ್ನಿಗೆ ಹಾಕಿ ಹಳಿಗೆ ಹಾಕದಿದ್ದರೆ, ಕಿವುಡನ ಮುಂದೆ ಶಂಖ ಊದಿದ ಹಾಗೆ.

ದುಡ್ಡಿನ ಲೆಕ್ಕ ಸರಕಾರ ಪಾರ್ಲಿಮೆಂಟಿನಲ್ಲೇ ಹೇಳಿದೆ: ಹಳಿ, ಸ್ಟೇಷನ್ ಸೇರಿ ಕಿಲೋಮೀಟರಿಗೆ ಸುಮಾರು 50 ಲಕ್ಷ, ಇಂಜಿನ್ನಿಗೆ ಸುಮಾರು 80 ಲಕ್ಷ. ಹಾಸನ–ಮಂಗಳೂರು ದಾರಿ ಸುಮಾರು 183 ಕಿಲೋಮೀಟರ್. ಗುಣಿಸಿ ನೋಡಿ, ಹಳಿಯದ್ದು 92 ಕೋಟಿಯ ಆಸುಪಾಸು. ಘಾಟಿಯ ಟವರುಗಳಿಗೆ ಸ್ವಲ್ಪ ಹೆಚ್ಚಾದೀತು. ನಮಗೆ ನಿಮಗೆ ದೊಡ್ಡ ಮೊತ್ತ, ರೈಲ್ವೆಗೆ ಅಲ್ಲ. ಕವಚಿನ 4.0 ಎಂಬ ಹೊಸ ರೂಪಕ್ಕೆ 2024ರ ಜುಲೈ 16ರಂದು ಒಪ್ಪಿಗೆ ಸಿಕ್ಕಿತು. ಮರುವರ್ಷ ಜುಲೈಯಲ್ಲಿ ಮಥುರಾ–ಕೋಟಾ ನಡುವಿನ 324 ಕಿಲೋಮೀಟರಿನಲ್ಲಿ ಅದು ಕೆಲಸ ಶುರು ಮಾಡಿತು. ಮೊದಲ ಪಂಕ್ತಿಯ ಊಟಕ್ಕೆ ದೆಹಲಿ–ಮುಂಬೈ, ದೆಹಲಿ–ಹೌರಾ ಲೈನುಗಳನ್ನು ಕೂರಿಸಿದ್ದಾರೆ. ಅಲ್ಲಿ ಗಾಡಿ ಹೆಚ್ಚು, ವೇಗ ಹೆಚ್ಚು; ಅದರಲ್ಲಿ ತಪ್ಪು ಹುಡುಕಲಾಗದು. ಆದರೆ ಒಂದೇ ಹಳಿಯಲ್ಲಿ ಎದುರುಬದುರು ಓಡುವ ಘಾಟಿ ಲೈನು ಎಷ್ಟನೇ ಪಂಕ್ತಿ ಎಂದು ಅಡುಗೆಯವರನ್ನು ಕೇಳುವ ಹಕ್ಕು ಹೊರಗೆ ಕಾಯುವವರಿಗೆ ಉಂಟು.

ರೈಲು ಪ್ರಯಾಣಿಕರ ಸಂಘಗಳು, ವರ್ತಕರು ವರ್ಷ ವರ್ಷ ಮನವಿ ಕೊಡುತ್ತಲೇ ಇರುತ್ತಾರೆ. ಬಂಟ್ವಾಳದಲ್ಲಿ ಇಂಥ ಗಾಡಿ ನಿಲ್ಲಿಸಿ, ಪುತ್ತೂರಿನ ಪ್ಲಾಟ್‌ಫಾರಂ ಉದ್ದ ಮಾಡಿ, ಪ್ಯಾಸೆಂಜರಿನ ಹೊತ್ತು ಬದಲಿಸಿ. ಎಲ್ಲ ಬೇಕಾದದ್ದೇ. ಈ ಸಲ ಬರೆಯುವಾಗ ಕೆಳಗೆ ಇನ್ನೊಂದು ಸಾಲು ಸೇರಿಸಿ: ಪಡೀಲಿನಿಂದ ಸಕಲೇಶಪುರದವರೆಗೆ ಕವಚ್ ಕೆಲಸ ಎಲ್ಲಿಗೆ ಬಂತು, ಯಾವ ವರ್ಷಕ್ಕೆ ಮುಗಿಯುತ್ತದೆ, ಈ ದಾರಿಯ ಎಷ್ಟು ಇಂಜಿನ್ನುಗಳಿಗೆ ಪೆಟ್ಟಿಗೆ ಕೂರಿಸಿದ್ದೀರಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತೇ ರೂಪಾಯಿ. ವಿಳಾಸ ಮೈಸೂರು ವಿಭಾಗದ್ದೇ ಬರೆಯಿರಿ. ಮಂಗಳೂರಿನ ಸ್ಟೇಷನ್ನಿನಲ್ಲಿ ಕೊಟ್ಟರೆ ಅದು ಪಾಲಕ್ಕಾಡಿಗೆ ಹೋಗಿ, ಅಲ್ಲಿಂದ ‘ನಮಗೆ ಸಂಬಂಧವಿಲ್ಲ’ ಎಂದು ಮೈಸೂರಿಗೆ ಬರುವಷ್ಟರಲ್ಲಿ ಒಂದು ಮಳೆಗಾಲ ಕಳೆದಿರುತ್ತದೆ.